ಕೊಕ್ಕಿಲ್ಲದ ಜೋಡಿ ಗಿಳಿ

ಹೆಮ್ಮಾಡಿಯ ಚಂದಯ್ಯ ಆಚಾರಿಗೆ ಒಂದು ಜಂಬವಿತ್ತು. ತಾನು ಮಾಡಿದ ತೊಟ್ಟಿಲಲ್ಲಿ ಉಚ್ಚೆ ಹೊಯ್ಯದೆ ದೊಡ್ಡವನಾದವನು ಸುತ್ತಲಿನ ಊರಲ್ಲಿ ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ, ನೋಡುವ ಎನ್ನುತ್ತಿದ್ದ. ಜಂಬವೇನೋ ಹೌದು, ಸುಳ್ಳಲ್ಲ. ಐವತ್ತಾರರಲ್ಲಿ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದಾಗ ಹೆಮ್ಮಾಡಿಯ ಚಾ ಅಂಗಡಿಯಲ್ಲಿ ದಿನವಿಡೀ ಅದೇ ಚರ್ಚೆ. ಚಂದಯ್ಯ ಮಾತ್ರ ಎದುರಿನ ಚಪ್ಪರದಡಿ ಕೂತು ಯಾರದೋ ಮೊಮ್ಮಗಳ ತೊಟ್ಟಿಲಿಗೆ ಗಿಳಿ ಕೆತ್ತುತ್ತಿದ್ದ. ಯಾವ ರಾಜ್ಯವಾದರೇನು, ಹುಟ್ಟಿದ್ದನ್ನು ಮಲಗಿಸಲು ಜಾಗ ಬೇಕಲ್ಲ ಎಂಬುದು ಅವನ ರಾಜಕೀಯ.

ಅವನ ತೊಟ್ಟಿಲೆಂದರೆ ಹಲಸಿನ ಮರದ್ದು. ತಲೆಯ ಕಡೆಯ ಹಲಗೆಯಲ್ಲಿ ಒಂದಕ್ಕೊಂದು ಮುಖ ಮಾಡಿ ಕೂತ ಎರಡು ಗಿಳಿಗಳು. ಅವುಗಳ ಕೊಕ್ಕು ಇನ್ನೇನು ತಾಗಬೇಕು, ಅಷ್ಟರಲ್ಲಿ ನಿಂತಿರುತ್ತಿತ್ತು. ಕಾಯಿಸಿ ಸತಾಯಿಸುವ ಆಚಾರಿಗಳ ನಡುವೆ ಇವನು ತೊಟ್ಟಿಲಿನ ಕೆಲಸದಲ್ಲಿ ಮಾತ್ರ ಮಾತಿಗೆ ತಪ್ಪಿದವನಲ್ಲ, ತಪ್ಪುವ ಹಾಗೂ ಇರಲಿಲ್ಲ. ಯಾಕೆಂದರೆ ಮಗು ಹುಟ್ಟುವ ಮೊದಲು ತೊಟ್ಟಿಲಿನ ಮರಕ್ಕೆ ಉಳಿ ತಾಗಿಸಬಾರದು ಎಂಬುದು ಅವನ ಮನೆತನದ ಕಟ್ಟುಪಾಡು. ಹುಟ್ಟಿತು ಎಂದು ಸುದ್ದಿ ಬಂದ ಮೇಲೆ ಹಲಗೆ ಇಳಿಸಬೇಕು, ಹೆಸರಿಡುವ ದಿನಕ್ಕೆ ತೊಟ್ಟಿಲು ತೂಗಬೇಕು. ನಡುವಿನ ಆ ದಿನಗಳಲ್ಲಿ ಚಂದಯ್ಯನಿಗೆ ಊಟ ನಿದ್ರೆಯ ಪರಿವೆ ಇರುತ್ತಿರಲಿಲ್ಲ. ಮೂರನೆಯ ಹೆರಿಗೆಗೂ ಹೊಸ ತೊಟ್ಟಿಲು ಹೇಳುವವರು ಬಂದರೆ, ಹಳತರಲ್ಲಿ ಏನು ಗೆದ್ದಲು ಮಲಗಿದೆಯೋ ಎಂದು ಅಣಕಿಸುತ್ತಲೇ ಒಪ್ಪಿಕೊಳ್ಳುತ್ತಿದ್ದ.

ಆಮೇಲೆ ಕೈ ನಡುಗಲು ಶುರುವಾಯಿತು. ಮೊದಲು ಬೆಳಿಗ್ಗೆ ಎದ್ದಾಗ ಮಾತ್ರ. ಬರಬರುತ್ತಾ ಚಾ ಲೋಟ ಎತ್ತುವಾಗಲೂ. ಒಂದು ದಿನ ಉಳಿ ಜಾರಿ ಗಿಳಿಯ ಕುತ್ತಿಗೆಯ ಮೇಲೆ ಅಡ್ಡ ಗೀರಿ ಹೋಯಿತು. ಆ ಹಲಗೆಯನ್ನು ಬದಿಗಿಟ್ಟು ಬೇರೆ ಹಲಗೆ ತೆಗೆದುಕೊಂಡ, ಅದೂ ಹಾಗೇ ಆಯಿತು. ತೊಟ್ಟಿಲು ಕೇಳಿಕೊಂಡು ಬಂದವರಿಗೆ ಅಂದಿನಿಂದ ಬಿಡುವಿಲ್ಲ ಎನ್ನತೊಡಗಿದ. ಕಿಟಕಿಯ ಚೌಕಟ್ಟು, ದನದ ಕೊಟ್ಟಿಗೆಯ ಬಾಗಿಲು, ಅಂಥವಷ್ಟೇ ಉಳಿದವು. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಬಲಗೈಯನ್ನು ಹೆಗಲ ಮೇಲಿನ ವಸ್ತ್ರದ, ಆ ಬೈರಾಸಿನ, ಒಳಗೆ ಅಡಗಿಸಿಕೊಂಡು ನಿಲ್ಲುತ್ತಿದ್ದ. ಪಾಪ, ಯಾರಿಗೂ ಗೊತ್ತಿಲ್ಲ ಎಂದು ಅವನು ತಿಳಿದಿದ್ದ. ಊರಿಗೆಲ್ಲ ಗೊತ್ತಿತ್ತು.

ಅವನಿಗೂ ಹೆಂಡತಿ ಸರಸಳಿಗೂ ಇದ್ದವಳು ಒಬ್ಬಳೇ ಮಗಳು, ಕುಸುಮಾವತಿ. ಅವಳು ಮಲಗಿದ್ದ ತೊಟ್ಟಿಲನ್ನು ಕೇಳಿದವರಿಗೆಲ್ಲ ಎರವಲು ಕೊಟ್ಟು ಕೊಟ್ಟು, ಕೊನೆಗೆ ಅದು ಯಾರ ಮನೆಯ ಅಟ್ಟ ಸೇರಿತೋ ಪತ್ತೆಯಿಲ್ಲ. ಮಗಳನ್ನು ಶಿರೂರಿಗೆ ಮದುವೆ ಮಾಡಿ ಕೊಟ್ಟ. ಬಹಳ ಕಾಲ ಕಾದ ಮೇಲೆ ಎಪ್ಪತ್ತರಲ್ಲಿ ಅವಳು ಬಸುರಿಯಾದ ಸುದ್ದಿ ಬಂತು. ಬಯಕೆಯ ಊಟ ಮುಗಿಸಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಕರೆತಂದರು. ಬಸ್ಸಿಳಿದು ಮನೆ ಹತ್ತುತ್ತಲೇ ಕುಸುಮ ಅಪ್ಪನನ್ನು ಕೇಳಿದ್ದು ಒಂದೇ ಮಾತು, ತನ್ನ ಮಗುವಿಗೂ ಜೋಡಿ ಗಿಳಿ ಇರುತ್ತದಲ್ಲವೇ ಎಂದು. ಇಲ್ಲದೆ ಏನು ಎಂದ ಚಂದಯ್ಯ, ಬಲಗೈಯನ್ನು ಬೈರಾಸಿನೊಳಗೆ ಅಡಗಿಸಿಕೊಂಡೇ. 

ಅದೇ ಸಮಯಕ್ಕೆ ಅವನ ತಂಗಿಯ ಮಗ ಲೀಲಾಧರ ಬೊಂಬಾಯಿಯಿಂದ ಬಂದು ಕೋಟೇಶ್ವರದಲ್ಲಿ ಅಂಗಡಿ ಹಾಕಿದ್ದ. ಬೊಂಬಾಯಿಯ ಫರ್ನಿಚರ್ ಕಾರ್ಖಾನೆಯಲ್ಲಿ ದುಡಿದವನು. ಬರುವಾಗ ಧಣಿ ಬಳಸಿ ಬಿಟ್ಟಿದ್ದ ಒಂದು ಜರ್ಮನಿಯ ಯಂತ್ರವನ್ನು ಗೋಣಿಯಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡು ಬಂದಿದ್ದ. ಅದರ ಹೆಸರು ರೂಟರ್. ಎರಡು ಕಡೆ ಎರಡು ಹಿಡಿ, ನಡುವೆ ಗಿರ್ರನೆ ತಿರುಗುವ ಸಣ್ಣ ಉಳಿ. ಹಿಡಿಗಳನ್ನು ಅದುಮಿದರೆ ಉಳಿ ಮರದೊಳಗೆ ಇಳಿಯುತ್ತದೆ, ಬಿಟ್ಟರೆ ಸ್ಪ್ರಿಂಗು ಮೇಲೆತ್ತುತ್ತದೆ. ಉಳಿಯ ಸುತ್ತ ಹಿತ್ತಾಳೆಯದೊಂದು ಗಿಡ್ಡ ಬಳೆ. ತೆಳು ಹಲಗೆಯಲ್ಲಿ ಬೇಕಾದ ಆಕಾರ ಕೊರೆದು ಅಚ್ಚು ಮಾಡಿ ಮರದ ಮೇಲೆ ಬಿಗಿದರೆ, ಬಳೆ ಆ ಅಚ್ಚಿನ ಅಂಚಿಗೆ ಒರಗಿಕೊಂಡು ಸಾಗುತ್ತದೆ, ಉಳಿ ಅದೇ ಆಕಾರಕ್ಕೆ ಮರ ತೆಗೆಯುತ್ತದೆ.

ಚಂದಯ್ಯ ಮೊದಮೊದಲು ಅದನ್ನು ಗಾಣದೆತ್ತು ಎಂದು ಗೇಲಿ ಮಾಡಿದ. ಲೀಲಾಧರ ನಗುತ್ತಾ, ಒಮ್ಮೆ ಹಿಡಿದು ನೋಡಿ ಎಂದು ಒಂದು ಕಾಡುಮರದ ತುಂಡಿನ ಮೇಲೆ ಅಚ್ಚು ಬಿಗಿದು ಅವನ ಎರಡೂ ಕೈಯನ್ನು ಹಿಡಿಗಳ ಮೇಲೆ ಇರಿಸಿದ. ಯಂತ್ರದ ಭಾರಕ್ಕೆ ಕೈ ತಣ್ಣಗೆ ಕೂತುಬಿಟ್ಟಿತು. ಬಳೆ ಅಂಚು ಬಿಟ್ಟು ಅತ್ತಿತ್ತ ಹೋಗಗೊಡಲಿಲ್ಲ. ತೆಗೆದು ನೋಡಿದರೆ ಗೆರೆ ನೀಟಾಗಿತ್ತು, ಒಂದು ಕೂದಲೆಳೆಯೂ ನಡುಗಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವನ ಕೈಯಿಂದ ಬಂದ ನೇರ ಗೆರೆ ಅದು. ಚಂದಯ್ಯ ಮರದ ಹೊಟ್ಟು ಕಣ್ಣಿಗೆ ಬಿತ್ತು ಎಂದು ಆಚೆ ತಿರುಗಿ ಬೈರಾಸಿನಲ್ಲಿ ಮುಖ ಒರೆಸಿಕೊಂಡ. ಲೀಲಾಧರನೂ ಅದನ್ನು ನಂಬಿದ ಹಾಗೆ ನಟಿಸಿದ.

ಮನೆಗೆ ಬಂದವನೇ ಚಹಾಪೆಟ್ಟಿಗೆಯ ತೆಳು ಹಲಗೆ ಬಿಚ್ಚಿ ಗಿಳಿಯ ಅಚ್ಚು ಕೊರೆಯಲು ಕೂತ. ಅಚ್ಚಿನ ಕೆಲಸ ಅವಸರದ್ದಲ್ಲ, ಅರ ಹಿಡಿದು ದಿನಗಟ್ಟಲೆ ಉಜ್ಜಲು ನಡುಗುವ ಕೈಯೂ ಸಾಕು. ಹುಟ್ಟುವ ಮೊದಲೇ ಇದೆಲ್ಲ ಯಾಕೆ ಎಂದು ಸರಸ ಮುಖ ಸಿಂಡರಿಸಿದಳು. ಇದು ತೊಟ್ಟಿಲಲ್ಲ, ಬರೀ ಅಚ್ಚು, ಇದಕ್ಕೆ ಕಟ್ಟುಪಾಡಿಲ್ಲ ಎಂದು ಅವನು ಅವಳ ಬಾಯಿ ಮುಚ್ಚಿಸಿದ. ಮಗು ಹುಟ್ಟಿದ ಮರುದಿನವೇ ಕೋಟೇಶ್ವರಕ್ಕೆ ಹಲಗೆ ಒಯ್ದರಾಯಿತು, ಹೆಸರಿಡುವ ದಿನಕ್ಕೆ ಗಿಳಿ ಸಿದ್ಧ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ಆದರೆ ಅಚ್ಚು ಮುಗಿದ ಮೇಲೆ ಅವನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ತನ್ನ ಕೈ ನಿಜವಾಗಿ ಮರಳಿ ಬಂದಿದೆಯೋ, ಅಂದು ಆದದ್ದು ಕನಸೋ ಎಂಬ ಚಡಪಡಿಕೆ. ಒಂದು ದಿನ ಅಚ್ಚಿನ ಜೊತೆಗೆ, ಅಟ್ಟದಲ್ಲಿ ಮಗಳ ಮಗುವಿನ ತೊಟ್ಟಿಲಿಗೆಂದೇ ಒಣಗಿಸಿಟ್ಟಿದ್ದ ಹಲಸಿನ ಹಲಗೆಯನ್ನೂ ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತಿದ. ಅದನ್ನು ಬಿಚ್ಚಿದಾಗ ಲೀಲಾಧರನ ಮುಖ ಸಣ್ಣದಾಯಿತು. ಬೊಂಬಾಯಿ ಕಂಡವನಾದರೂ ಅದೇ ಮನೆತನದ ರಕ್ತ.

"ಮಾವ, ಇದ್ ತೊಟ್ಲಿನ್ ಮರ ಅಲ್ದಾ? ಬೇರೆ ತುಂಡಂಗೆ ಮಾಡಿ ಕಾಂಬ."

"ಮರ ಮರವೇ ಮಾರಾಯ," ಎಂದ ಚಂದಯ್ಯ. "ನಾಲ್ಕ್ ಹಲ್ಗಿ ಜೋಡ್ಸಿ ಸರ್ಪಳಿ ಹಾಕಿದ್ ಮೇಲೆ ಅಲ್ದಾ ತೊಟ್ಲ್."

ಅವನೇ ಯಂತ್ರ ಹಿಡಿದ. ಕೈ ನಡುಗಲಿಲ್ಲ. ಮೈ, ರೆಕ್ಕೆ, ಬಾಲ ಎಲ್ಲ ಬೆಣ್ಣೆ ತೆಗೆದ ಹಾಗೆ ಬಂತು. ಅಚ್ಚು ಬಿಚ್ಚಿ ಹೊಟ್ಟು ಊದಿ ಇಬ್ಬರೂ ಬಾಗಿ ನೋಡಿದರು. ಗಿಳಿಗಳು ಸೊರಗಿ ಹೋಗಿದ್ದವು, ಕೊಕ್ಕೇ ಇರಲಿಲ್ಲ. ಕೈಕೆಲಸದಲ್ಲಿ ಅಚ್ಚಿನ ಅಂಚಿಗೇ ಗೀರು ಹಾಕಿ ಕೆತ್ತುವವನು ಅವನು, ಹಾಗಾಗಿ ಗಿಳಿ ಎಷ್ಟು ದೊಡ್ಡದೋ ಅಚ್ಚನ್ನೂ ಅಷ್ಟೇ ಕೊರೆದಿದ್ದ. ಯಂತ್ರದಲ್ಲಿ ಅಂಚಿಗೆ ತಾಗುವುದು ಬಳೆ, ಉಳಿಯಲ್ಲ. ಬಳೆಯ ದಪ್ಪದಷ್ಟು ಗಿಳಿ ಸುತ್ತಲೂ ಕುಗ್ಗಿತ್ತು, ಕೊಕ್ಕಿನ ಕಿರಿದಾದ ತುದಿಗೆ ಬಳೆ ತೂರಿಯೇ ಇರಲಿಲ್ಲ. ಅಚ್ಚನ್ನು ಅಷ್ಟೇ ಅಗಲಕ್ಕೆ ಹಿಗ್ಗಿಸಬೇಕಿತ್ತು ಮಾವ, ಹೇಳಲು ಮರೆತೆ ಎಂದು ಲೀಲಾಧರ ತಲೆ ಕೆರೆದುಕೊಂಡ. ಅದಕ್ಕೇನು, ಅರ ಹಾಕಿ ಸರಿ ಮಾಡುತ್ತೇನೆ, ಬೇರೆ ಹಲಗೆ ಇದೆ ಎಂದ ಚಂದಯ್ಯ. ಅವನ ಸಂತೋಷಕ್ಕೇನೂ ಕುಂದು ಬರಲಿಲ್ಲ. ಹಾಳಾದ ಹಲಗೆಯನ್ನು ಮನೆಗೆ ತಂದು ಬಚ್ಚಲಿನ ಸೌದೆಯ ಹಿಂದೆ ತುರುಕಿದ. ಸರಸಳ ಕಣ್ಣಿಗೆ ಬೀಳದಿರಲಿ ಎಂದಷ್ಟೇ ಆಗ ಅವನ ಎಣಿಕೆ.

ಹಿಗ್ಗಿಸಿದ ಅಚ್ಚು ಮುಗಿಯುವ ಮೊದಲೇ, ದಿನ ತುಂಬುವುದಕ್ಕೆ ಮುಂಚೆಯೇ, ಕುಸುಮಳಿಗೆ ನೋವು ಬಂತು. ಮಧ್ಯಾಹ್ನದ ಹೊತ್ತು. ಸೂಲಗಿತ್ತಿ ವನಜ ಒಳಗಿದ್ದಳು. ಚಂದಯ್ಯ ಅಂಗಳದಲ್ಲಿ ಕೂತು ಮಗುವಿನ ಅಳುವಿಗೆ ಕಿವಿಗೊಟ್ಟಿದ್ದ. ಮಗಳ ಕೂಗು ನಿಂತಿತು. ಆಮೇಲೆ ಯಾವ ಸದ್ದೂ ಇಲ್ಲ. ಸ್ವಲ್ಪ ಹೊತ್ತಿಗೆ ಸರಸ ಹೊರಗೆ ಬಂದು, ಗಂಡು, ಬಾಯಿ ಬಿಡಲೇ ಇಲ್ಲ ಎಂದಳು. ಚಂದಯ್ಯನಿಗೆ ಆ ಕ್ಷಣ ಕಣ್ಣಿಗೆ ಕಟ್ಟಿದ್ದು ಮಗುವಿನ ಮುಖವಲ್ಲ, ಕೊಕ್ಕಿಲ್ಲದ ಎರಡು ಗಿಳಿ. 

ಹುಟ್ಟುವ ಮೊದಲು ಮಗುವಿಗೆಂದು ಏನನ್ನೂ ಮಾಡಿಡುವ ಪದ್ಧತಿ ಆ ಕಡೆ ಇಲ್ಲ. ಹೊಸ ಬಟ್ಟೆ ಇರಲಿಲ್ಲ, ಸರಸಳ ಹಳೆಯ ಸೀರೆಯ ಸೆರಗಲ್ಲಿ ಸುತ್ತಿದರು. ಹಿತ್ತಲಿನ ಆಚೆ ಗುಳಿ ತೋಡಿದವನು ಚಂದಯ್ಯನೇ. ಬೇರೆಯವರು ಹಾರೆ ಕೇಳಿದರೂ ಕೊಡಲಿಲ್ಲ. ಬಂದ ನೆಂಟರಿಷ್ಟರು ಕುಸುಮಳಿಗೆ, ಹುಟ್ಟಲೇ ಇಲ್ಲ ಎಂದುಕೋ, ಅಳಬೇಡ, ಮುಂದೆ ಆಗುತ್ತದೆ ಎಂದು ಹೇಳಿ ಹೋದರು. ಹೇಳುವವರಿಗೇನು, ಬಾಯಿ ಇದೆ. ಅವಳ ಎದೆಯಲ್ಲಿ ಹಾಲು ಕಟ್ಟಿತ್ತು.

ಮನೆಯಲ್ಲಿ ಹೆರಿಗೆಯಾದವಳಿಗೆ ಬಿಸಿನೀರು, ಕಷಾಯ ಎಲ್ಲ ನಡೆಯುತ್ತಿತ್ತು, ಮಗು ಮಾತ್ರ ಇರಲಿಲ್ಲ. ಒಂದು ದಿನ ಸರಸ ಯಾರಿಗೂ ಅಲ್ಲವೆಂಬಂತೆ, ಆ ಅಚ್ಚು ಮಾಡಿದ್ದಕ್ಕೇ ಹೀಗಾಯಿತೋ ಏನೋ ಎಂದಳು. ಅಚ್ಚಿಗೇ ಹೀಗೆನ್ನುವವಳು ಹಲಗೆಯ ವಿಷಯ ತಿಳಿದರೆ? ಅದಕ್ಕಿಂತ ಹೆಚ್ಚಾಗಿ, ಮಗಳು ತಿಳಿದರೆ? ತನ್ನ ಕೈಯ ಚಪಲಕ್ಕೆ ಮೊಮ್ಮಗನನ್ನು ಕೊಂದೆ ಎಂಬುದರಲ್ಲಿ ಚಂದಯ್ಯನಿಗೆ ಅನುಮಾನವೇ ಇರಲಿಲ್ಲ. ಆ ಹಲಗೆಯನ್ನು ಸುಟ್ಟುಬಿಡಬೇಕೆಂದು ಎಷ್ಟೋ ಸಲ ಬಚ್ಚಲಿಗೆ ಹೋದ. ಒಲೆಗೆ ಹಿಡಿಯದಷ್ಟು ಅಗಲ, ಸೀಳಬೇಕು. ಕೊಡಲಿ ಎತ್ತಿದರೆ ಕೈ ನಡುಗಿ ಗುರಿ ತಪ್ಪುತ್ತಿತ್ತು. ಮತ್ತೆ ಸೌದೆಯ ಹಿಂದೆ ತುರುಕಿ ಬರುತ್ತಿದ್ದ.

ಅವನು ಮಗಳ ಕೋಣೆಗೆ ಕಾಲಿಡುವುದನ್ನೇ ಬಿಟ್ಟ. ಬೆಳಗಾದರೆ ಕೋಟೇಶ್ವರಕ್ಕೆ ಹೋಗಿ ಲೀಲಾಧರನ ಅಂಗಡಿಯ ಮೂಲೆಯಲ್ಲಿ ಸುಮ್ಮನೆ ಕೂರುವುದು, ದೀಪ ಹಚ್ಚುವ ಹೊತ್ತಿಗೆ ಬರುವುದು. ಯಂತ್ರವನ್ನು ಮುಟ್ಟಲಿಲ್ಲ. ಅಪ್ಪಯ್ಯನಿಗೆ ನನ್ನ ಮುಖ ನೋಡುವುದೇ ಬೇಡವಾಗಿದೆ, ಒಂದು ಮಗುವನ್ನೂ ನೆಟ್ಟಗೆ ಹೆತ್ತು ಕೊಡಲಿಲ್ಲ ಎಂಬ ಸಿಟ್ಟು ಎಂದು ಕುಸುಮ ಅಮ್ಮನ ಹತ್ತಿರ ಅತ್ತಳಂತೆ. ಸರಸ ಅದನ್ನು ಹೇಳಿದಾಗ ಅವನು ಎದ್ದು ಹಿತ್ತಲಿಗೆ ಹೋದ.

ಬಾಣಂತನ ಮುಗಿದು, ಗಂಡನ ಮನೆಗೆ ಹೊರಡುವ ದಿನ ಬೆಳಿಗ್ಗೆ ಕುಸುಮ ತಾನೇ ನೀರೊಲೆಗೆ ಬೆಂಕಿ ಹಾಕಲು ಹೋದಳು. ಸೌದೆ ಎಳೆದಾಗ ಹಲಗೆ ಜಾರಿ ಮುಂದೆ ಬಿತ್ತು. ಬಹಳ ಹೊತ್ತಾದರೂ ಹೊರಗೆ ಬರದ ಮಗಳನ್ನು ಹುಡುಕಿಕೊಂಡು ಹೋದ ಚಂದಯ್ಯ ಬಾಗಿಲಲ್ಲೇ ನಿಂತ. ಅವಳು ನೆಲದಲ್ಲಿ ಕೂತು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗಿಳಿಗಳ ಮೇಲಿನ ಬೂದಿ ಒರೆಸುತ್ತಿದ್ದಳು.

"ಅಪ್ಪಯ್ಯ, ಇದ್ ಯಾರಿಗ್ ಮಾಡಿದ್ದ್?"

ಸುಳ್ಳು ಹೇಳಬಹುದಿತ್ತು. ಅವನ ಬಾಯಿಗೆ ಬರಲಿಲ್ಲ. "ಅವ್ನಿಗೇ," ಎಂದ. "ಹುಟ್ಟುಕ್ ಮುಂಚೆ ಉಳಿ ತಾಗ್ಸಿದೆ ಮಗಾ. ತಡುಕಾಯ್ಲಿಲ್ಲ. ನನ್ನಿಂದ್ಲೇ ಹೀಂಗ್ ಆಯ್ತ್."

ಕುಸುಮ ಅವನನ್ನೂ ಹಲಗೆಯನ್ನೂ ನೋಡಿದಳು. ಬೈಯಲಿ, ಹಲಗೆಯನ್ನು ಎತ್ತಿ ಮುಖದ ಮೇಲೆ ಎಸೆಯಲಿ ಎಂದು ಅವನು ಕಾದ. ಅವಳು ಮೆಲ್ಲನೆ ಹೇಳಿದಳು, "ಒಂದ್ ಹೆಸ್ರಿಲ್ಲ. ಒಂದ್ ಅಂಗಿ ಇಲ್ಲ. ಹುಟ್ಲೇ ಇಲ್ಲ ಅಂದ್ಕೋ ಅಂದ್ರ್ ಎಲ್ಲ. ನನ್ ಮಗಂಗೆ ಅಂದೇಳಿ ಈ ಭೂಮಿ ಮೇಲೆ ಒಬ್ರ್ ಮಾಡಿದ್ದ್ ಇದೊಂದೇ ಅಪ್ಪಯ್ಯ. ಇದನ್ನೂ ನೀವ್ ಒಲೆಗ್ ಹಾಕುಕ್ ಹೊರಟದ್ದಾ?"

ಚಂದಯ್ಯ ಬಚ್ಚಲಿನ ಒದ್ದೆ ಕಲ್ಲಿನ ಮೇಲೆ ಕುಸಿದು ಕೂತು ಅತ್ತ. ಮಗು ಸತ್ತ ಮೇಲೆ ಆ ಮನೆಯಲ್ಲಿ ಯಾರೂ ಹಾಗೆ ಬಾಯಿಬಿಟ್ಟು ಅತ್ತಿರಲಿಲ್ಲ. ಕುಸುಮಳೂ ಅತ್ತಳು. ಒಳಗಿನಿಂದ ಓಡಿ ಬಂದ ಸರಸ ಹಲಗೆ ಕಂಡು ಏನೋ ಕೇಳಲು ಹೋದವಳು, ಕೇಳದೆ ಮಗಳ ಪಕ್ಕದಲ್ಲಿ ಕೂತಳು. ಸಮಾಧಾನವಾದ ಮೇಲೆ ಚಂದಯ್ಯ, ಇಲ್ಲಿಯೇ ಉಳಿಯಲ್ಲಿ ಕೊಕ್ಕು ಬಿಡಿಸಿ ಕೊಡುತ್ತೇನೆ, ವಾರೆಕೋರೆಯಾದರೂ ಆಗಲಿ ಎಂದ. ಕುಸುಮ ಬೇಡವೆಂದಳು. ತನ್ನ ಮಗ ಹೇಗಿದ್ದನೋ ಗಿಳಿಗಳೂ ಹಾಗೇ ಇರಲಿ ಎಂದಳು.

ಹೆದ್ದಾರಿಗೆ ಬಂದು ನಿಂತಾಗ ಬೈಂದೂರಿನ ಕಡೆಯ ಬಸ್ಸು ಬಂತು. ಸೀರೆಯಲ್ಲಿ ಸುತ್ತಿದ ಹಲಗೆಯನ್ನು ಮೇಲೆ ಹಾಕಿ ಎಂದು ಕಂಡಕ್ಟರ್ ಗದರಿದ. ಕುಸುಮ ಕೊಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡು ಕಿಟಕಿಯ ಬಳಿ ಕೂತಳು. ಬಸ್ಸು ಹೊರಟಾಗ ಚಂದಯ್ಯ ಬೈರಾಸಿನಿಂದ ಬಲಗೈ ತೆಗೆದು ಮೇಲೆತ್ತಿದ. ಅದು ಎಲ್ಲರೆದುರು ಗಡಗಡ ನಡುಗುತ್ತಿತ್ತು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವನು ಅದನ್ನು ಇಳಿಸಲಿಲ್ಲ.