ಹಾಲಿನ ಬಾಟಲಿಗೆ ಇಂಟು ಮಾರ್ಕು

ನಮ್ಮಪ್ಪ ಕಿಟಕಿ ಬಾಗಿಲುಗಳಿಗೆ ಗಾಜು ಕೂರಿಸುವವರು. ನನ್ನ ಮಗನಿಗೆ ಹಾಲು ಕುಡಿಸಲು ಗಾಜಿನ ಬಾಟಲಿ ಬೇಕು ಎಂದಾಗ, "ಗಾಜಿನ ವಿಷಯ ನನಗೆ ಬಿಡು" ಎಂದು ಎದೆಯುಬ್ಬಿಸಿ ನನ್ನ ಜೊತೆ ಹೊರಟೇಬಿಟ್ಟರು.

ಅಂಗಡಿಯಲ್ಲಿ ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಗುಳ್ಳೆ ಹುಡುಕಿದರು. ಉಗುರಿನಿಂದ ಟಣ್ ಎನ್ನಿಸಿ ಕಿವಿಗೊಟ್ಟರು.

"ಯಜಮಾನ್ರೇ, ಅದು ಹಾಲು ಕುಡಿಸೋಕೆ, ಬಾರಿಸೋಕಲ್ಲ" ಎಂದಳು ಅಂಗಡಿಯಾಕೆ.

"ಸುಮ್ನಿರಮ್ಮ, ಬಿರುಕಿದ್ರೆ ಸದ್ದೇ ಹೇಳುತ್ತೆ."

ಅಂತೂ ಇಂತೂ ಒಂದು ಬಾಟಲಿ ಪಾಸಾಯಿತು. ಮನೆಗೆ ಬಂದು ಅದನ್ನು ಕುದಿಸಿ, ಹಾಲು ತುಂಬಿಸಿಟ್ಟು, ಮಗನನ್ನು ಎತ್ತಿಕೊಂಡು ಬರುವಷ್ಟರಲ್ಲಿ ಬಾಟಲಿಯ ಹೊಟ್ಟೆಯ ಮೇಲೆ ಬಿಳಿ ಟೇಪಿನ ದೊಡ್ಡ ಇಂಟು ಮಾರ್ಕು! ಹೊಸ ಗಾಜು ಕೂರಿಸಿದಾಗ ಗಾಜು ಕಾಣದೆ ಯಾರೂ ಹೋಗಿ ಗುದ್ದಿಕೊಳ್ಳದಿರಲಿ ಎಂದು ಅಪ್ಪ ಅಂಟಿಸುವ ಗುರುತು ಅದು.

ನನಗೆ ಪಿತ್ತ ನೆತ್ತಿಗೇರಿತು. "ಅಪ್ಪಾ, ಹಾಲಿನ ಬಾಟಲಿಗೆ ಯಾರು ಹೋಗಿ ಗುದ್ದಿಕೊಳ್ತಾರೆ?"

"ಗಾಜು ಅಂದ್ಮೇಲೆ ಗುದ್ದಿಕೊಳ್ಳೋರು ಇದ್ದೇ ಇರ್ತಾರೆ" ಎನ್ನುತ್ತಾ ಅಪ್ಪ ಬಾಟಲಿಯನ್ನು ನನ್ನತ್ತ ಚಾಚಿದರು.

ಹಸಿದಿದ್ದ ಮಗ ಹಾಲು ಕಂಡವನೇ ನನ್ನ ತೋಳಿನಿಂದ ಮುಂದಕ್ಕೆ ನುಗ್ಗಿದ. ಹಣೆ ಸರಿಯಾಗಿ ಇಂಟು ಮಾರ್ಕಿನ ನಡುವಿಗೇ ಬಡಿಯಿತು. ಟಣ್!

ಅವನು ಅಳಲು ಬಾಯಿ ತೆರೆಯುವ ಮೊದಲೇ ಅಪ್ಪ ಕಿವಿಗೊಟ್ಟು, ತೃಪ್ತಿಯಿಂದ ತಲೆದೂಗಿದರು.

"ಕೇಳಿದ್ಯಾ? ಎರಡರಲ್ಲೂ ಬಿರುಕಿಲ್ಲ."