ದಿವಾನಜಿ ಹೇಳಿದ್ದು

ವಿಧಾನಸಭೆಗೆ ನಿಲ್ಲುತ್ತೇನೆ ಎಂದು ನನ್ನ ಗಂಡ ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ಅಲ್ಲೇ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದರೂ ತಿರುವಿ ಹಾಕುವ ಖಬರು ನನಗಿರಲಿಲ್ಲ.

"ಯಾವ ಪಾರ್ಟಿಯವ್ರು ಕರದಾರ?" ಎಂದು ಕೇಳಿದೆ.

"ಯಾರೂ ಕರದಿಲ್ಲ. ಪಕ್ಷೇತರ ನಿಲ್ಲತೇನಿ."

ಅಯ್ಯ ಶಿವನೇ, ಈ ಮನುಷ್ಯನಿಗೆ ತಲೆ ಕೆಟ್ಟಿತೇ ಎಂದು ಮುಖ ನೋಡಿದೆ. ಬನಹಟ್ಟಿಯಲ್ಲಿ ನಾವಿದ್ದ ಮನೆ ಮಾಲಕರದು. ಒಳಗಿನ ನಾಲ್ಕು ಪಾವರ್‌ಲೂಮ್ ಮಗ್ಗಗಳೂ ಅವರವೇ. ನೂಲು ಸುತ್ತಿದ ದೊಡ್ಡ ಉರುಳೆಗೆ ನಾವು ಬೀಮು ಎನ್ನುತ್ತೇವೆ. ಅದೂ ಅವರ ಕಡೆಯಿಂದಲೇ ಕೈಗಾಡಿಯಲ್ಲಿ ಬರಬೇಕು. ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ಮೀಸೆ ಮೂಡುವ ಮೊದಲಿನಿಂದಲೂ ಮಗ್ಗದ ಮುಂದೆ ನಿಂತು ನನ್ನ ಗಂಡನ ಕಿವಿ ಹೋಗಿದ್ದವು. ಇನ್ನು ಬರುವುದಿಲ್ಲ ಎಂದು ಜಮಖಂಡಿಯ ಡಾಕ್ಟರರೂ ಹೇಳಿದ್ದರು. ನಮ್ಮ ಓಣಿಯಲ್ಲಿ ಅದೇನು ದೊಡ್ಡ ಮಾತಲ್ಲ. ಮಗ್ಗದ ಸದ್ದಿನಲ್ಲಿ ಕಿವಿ ಇದ್ದವರೂ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಆದರೆ ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ಬರುವ ಹೊರಗಿನವರ ಮಾತು ನನ್ನ ಗಂಡನಿಗೆ ತಿಳಿಯುತ್ತಿರಲಿಲ್ಲ. ಅಂಥವರು ಹೇಳಿದ್ದನ್ನು ನಾನು ನನ್ನ ತುಟಿಯಲ್ಲಿ ಮತ್ತೆ ಆಡಿ ತೋರಿಸುತ್ತಿದ್ದೆ. ನಾನು ಹೇಳಿದ್ದನ್ನು ಅವರು ಒಮ್ಮೆಯೂ ಅನುಮಾನಿಸಿದವರಲ್ಲ.

ಗೆದ್ದರೆ ಏನೇನು ಮಾಡಬೇಕೆಂದು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ನನ್ನ ಕೈಲೇ ಬರೆಸಿದರು. ಕೂಲಿಯ ದರ ಬೀಮಿನ ಜೊತೆಗೇ ಚೀಟಿಯಲ್ಲಿ ಬರೆದು ಕೊಡಬೇಕು. ನೇಕಾರರ ಓಣಿಯಲ್ಲಿ ಹೆಣ್ಣುಮಕ್ಕಳಿಗೆ ಪಾಯಖಾನೆ ಆಗಬೇಕು. ಚಿಮ್ಮಡದಿಂದ ಕೆಲಸಕ್ಕೆ ಬರುವವರಿಗೆ ಬೆಳಗಿನ ಬಸ್ಸು ಬೇಕು. ಇವೆಲ್ಲ ಕೆಳಗೆ. ಎಲ್ಲಕ್ಕೂ ಮೇಲೆ, ಮಗ್ಗದವರ ಕಿವಿ ವರ್ಷಕ್ಕೊಮ್ಮೆ ಸರ್ಕಾರವೇ ತಪಾಸಣೆ ಮಾಡಿಸಬೇಕು.

"ಕಿವಿಗೆ ಯಾರ್ರೀ ವೋಟ್ ಹಾಕತಾರ?" ಎಂದು ನಕ್ಕೆ.

ಅವರು ನಗಲಿಲ್ಲ. "ನಮಗ ಕಿವಿ ಹೋಗೂದು ಮಾಮೂಲಿ ಆಗೇತಿ. ಅದನ್ನ ಯಾರೂ ಬ್ಯಾನಿ ಅನ್ನೂದಿಲ್ಲ. ನಾ ಅಂತೇನಿ. ಇನ್ನೂ ಕಿವಿ ಇದ್ದವ್ರದಾದ್ರೂ ಉಳೀಲಿ."

ಪಕ್ಷೇತರನಿಗೆ ಹತ್ತು ಜನ ಸೂಚಕರ ಸಹಿ ಬೇಕು. ಒಂಬತ್ತು ಜನ ಸಿಕ್ಕರು, ಹತ್ತನೆಯವರಿಗಾಗಿ ಎರಡು ದಿನ ತಿರುಗಿದೆವು. ಕಡೆಗೆ ನಮ್ಮ ಬಾಜೂ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ಮುದುಕಿ ಸೀರೆಗೆ ಕೈ ಒರೆಸಿಕೊಂಡು ಬಂದಳು. "ಹೆಬ್ಬಟ್ಟ ಒತ್ತಿದ್ರ ನನ್ನ ಕೈ ಮುರೀತಾರೇನ? ತಾ ಇಲ್ಲಿ" ಎಂದು ಒತ್ತಿಯೇ ಬಿಟ್ಟಳು. ಆಕೆಗಿದ್ದ ಧೈರ್ಯದ ಕಾಲು ಭಾಗವೂ ನನಗಿರಲಿಲ್ಲ.

ಹಿಂದಿನ ವರ್ಷ ಆಚೆ ಓಣಿಯ ಒಬ್ಬ ನೇಕಾರ ಕೂಲಿಗಾಗಿ ತನ್ನ ಮಾಲಕನ ಕೂಡ ತಕರಾರು ತೆಗೆದಿದ್ದ. ಅವನನ್ನು ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಬೀಮು ಬರಲಿಲ್ಲ, ಅಷ್ಟೇ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಬಾಗಿಲಲ್ಲಿ ಕೂತು ಕೂತು ಕಡೆಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮಹಾರಾಷ್ಟ್ರದ ಇಚಲಕರಂಜಿಗೆ ಹೋದ. ಅವನು ಬಾಗಿಲಲ್ಲಿ ಕೂತಿದ್ದನ್ನು ನಾನು ದಿನಾ ನೀರಿಗೆ ಹೋಗುವಾಗ ನೋಡಿದ್ದೆ.

ನಾಮಪತ್ರ ಕೊಟ್ಟ ದಿನದಿಂದ ನನಗೆ ಅನ್ನ ಇಳಿಯಲಿಲ್ಲ. ಓಣಿಯಲ್ಲಿ ಮೋಟಾರ್‌ಸೈಕಲ್ ನಿಂತರೆ ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ. ಕಿರಾಣಿ ಅಂಗಡಿಯವನು ನಕ್ಕರೆ ಯಾಕೆ ನಕ್ಕ, ನಗದಿದ್ದರೆ ಯಾಕೆ ನಗಲಿಲ್ಲ. ಮಗ್ಗದ ಮೇಲಿನ ನೂಲು ದಿನಾ ಸ್ವಲ್ಪ ಸ್ವಲ್ಪ ಕರಗುವುದನ್ನು ನೋಡುತ್ತ ಕೂರುತ್ತಿದ್ದೆ.

ನಾಮಪತ್ರ ವಾಪಸು ಪಡೆಯಲು ಮರುದಿನ ಕಡೆಯ ದಿನ ಎನ್ನುವಾಗ, ಮಧ್ಯಾಹ್ನ, ಮಾಲಕರ ಲೆಕ್ಕ ಬರೆಯುವ ದಿವಾನಜಿ ಬಂದ. ಮಗ್ಗಗಳು ನಡೆದಿದ್ದವು. ನನ್ನ ಗಂಡ ಒಳಗೆ ಹರಿದ ಎಳೆ ಗಂಟು ಹಾಕುತ್ತಿದ್ದರು. ದಿವಾನಜಿ ಹೊಸ್ತಿಲಲ್ಲೇ ನಿಂತು, ಬಾಯಿಗೆ ಕೈ ಅಡ್ಡ ಇಟ್ಟು ನನ್ನ ಕಿವಿಯ ಹತ್ತಿರ ಕೂಗಿದ.

"ಅಕ್ಕಾರ, ಮಾಲಕರು ಹೇಳಿ ಕಳಸ್ಯಾರ. ನಿಲ್ಲಲಿ, ಅದು ಅವ್ರ ಹಕ್ಕ. ಬೀಮು ಮಾತ್ರ ತಪ್ಪಸಬ್ಯಾಡ ಅಂತ ನನಗ ತಾಕೀತ ಮಾಡ್ಯಾರ. ಅಂಜಬ್ಯಾಡ್ರಿ."

ಸ್ಪಷ್ಟವಾಗಿ ಕೇಳಿಸಿತು. ಅವನ ಮುಖದಲ್ಲಿ ಸುಳ್ಳು ಹುಡುಕಿದೆ, ಸಿಗಲಿಲ್ಲ. ಅವನು ಎಲೆಅಡಿಕೆ ಉಗುಳಿ ಹೊರಟುಹೋದ. ಒಳಗೆ ಮಗ್ಗ ನಿಲ್ಲಿಸಿ ನನ್ನ ಗಂಡ ನನ್ನ ಬಾಯಿ ನೋಡುತ್ತ ಕೇಳಿದರು.

"ಏನಂದ?"

"ನಾಳೆ ವಾಪಸ್ ತಗೋಳಿಲ್ಲಂದ್ರ ಬೀಮು ಬಂದ್ ಅಂತ. ಮನಿನೂ ಖಾಲಿ ಮಾಡಬೇಕಂತ."

ನನ್ನ ಬಾಯಿಗೆ ಮಣ್ಣು ಬೀಳಲಿ, ಹಾಗೆಂದೆ. ಯೋಚಿಸಿ ಹೇಳಿದ್ದಲ್ಲ. ಮಾಲಕರ ಒಳ್ಳೆಯ ಮಾತೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಇವತ್ತು ಒಳ್ಳೆಯ ಮಾತು, ನಾಳೆ? ಬೆದರಿಕೆಯಾದರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು: ಬಗ್ಗಬೇಕು. ಧೈರ್ಯ ಮಾಡು ಎಂದವರ ಮುಂದೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

"ಮನಿನೂ?" ಎಂದರು. ಹೌದೆಂದು ತಲೆ ಅಲ್ಲಾಡಿಸಿದೆ. ಅವರು ಮಗ್ಗ ಚಾಲೂ ಮಾಡಿದರು. ಎಳೆ ಹರಿದದ್ದು ಅವರ ಕಣ್ಣಿಗೆ ಬೀಳಲಿಲ್ಲ. ಒಂದು ಗೇಣು ಬಟ್ಟೆ ಹಾಗೇ ಕೆಟ್ಟುಹೋಯಿತು.

ಮರುದಿನ ಹೋಗಿ ವಾಪಸು ತೆಗೆದುಕೊಂಡು ಬಂದರು. ಬಂದವರು ಹತ್ತೂ ಸೂಚಕರ ಮನೆಗೆ ನಡೆದುಕೊಂಡು ಹೋಗಿ ನಿಜ ಎಂದು ತಾವು ನಂಬಿದ್ದನ್ನು ಹೇಳಿದರು. ಮುದುಕಿ ನಮ್ಮ ಮನೆಗೆ ಬಂದು ನನ್ನ ಗಲ್ಲ ಸವರಿ, "ಅಂಜಿಕಿ ಬರೂದ ತಂಗಿ. ನಿಂದೇನ ತಪ್ಪೈತಿ ಅದರಾಗ?" ಎಂದಳು. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಬೀಮು ತನ್ನ ದಿನಕ್ಕೆ ಬಂತು. ಅದನ್ನು ಇಳಿಸಿಕೊಳ್ಳುತ್ತ ನನ್ನ ಗಂಡ, "ನೋಡು, ಮಾಲಕರು ಮಾತಿಗೆ ತಪ್ಪಲಿಲ್ಲ. ನಾವು ವಾಪಸ್ ತಗೊಂಡ್ವಿ, ಅವ್ರು ಬೀಮು ಕಳಸಿದ್ರು" ಎಂದರು. ಚುನಾವಣೆ ಮುಗಿದ ಮೇಲೆ ಓಣಿಯ ಹೆಂಗಸರು ಪಾಯಖಾನೆಗೆ ಅರ್ಜಿ ಕೊಡಬೇಕೆಂದು ಕೂಡಿದರು. ಸಹಿಯ ಮಾತು ಬಂತು. "ಬ್ಯಾಡವ್ವಾ, ಈಕಿ ಗಂಡಗ ಏನಾತು ಗೊತ್ತೈತಲ್ಲ" ಎಂದು ಒಬ್ಬಳು ನನ್ನ ಕಡೆ ಕೈ ತೋರಿಸಿದಳು. ಎಲ್ಲರೂ ಎದ್ದು ಹೋದರು. ಆ ಅರ್ಜಿಗೆ ಮುದುಕಿಯೂ ಹೆಬ್ಬಟ್ಟು ಒತ್ತಲಿಲ್ಲ.

"ಯಾಕ ವಾಪಸ್ ತಗೊಂಡ್ರು? ಮಾಲಕರೂ ಕೇಳಾಕತ್ತಿದ್ರು" ಎಂದು ದಿವಾನಜಿ ಒಮ್ಮೆ ನನ್ನನ್ನು ಕೇಳಿದ. ಅವರಿಗೆ ಆರಾಮ ಇರಲಿಲ್ಲ ಎಂದೆ. ಈ ಪ್ರಶ್ನೆಯನ್ನು ಅವನು ಎಂದಾದರೂ ಬಾಯಿ ತೊಳೆದುಕೊಂಡು, ನನ್ನ ಗಂಡನ ಎದುರು ನಿಂತು ಕೇಳಿಯೇ ಕೇಳುತ್ತಾನೆ. ಅದಕ್ಕೇ ಅವನು ಹೊಸ್ತಿಲು ದಾಟಿದ ಕೂಡಲೇ ನಾನು ಚಹಾ ತಂದು ಇಬ್ಬರ ನಡುವೆ ನಿಲ್ಲುತ್ತೇನೆ, ಅವನು ಹೋಗುವವರೆಗೂ ಸರಿಯುವುದಿಲ್ಲ.