ಉಪ್ಪಿಲ್ಲದ ಹಪ್ಪಳ

ಅವು ಹಪ್ಪಳವಲ್ಲ ಎಂಬ ಒಂದು ಮಾತು ಅಂದು ನನ್ನ ಬಾಯಿಂದ ಹೊರಡಲಿಲ್ಲ. ಮೊನ್ನೆ ವಿಜಯಪುರದಲ್ಲಿ ದ್ರಾಕ್ಷಿ ಸಸಿ ಕೊಂಡಾಗ ಅಂಗಡಿಯವಳು, “ಚೀಲ ಬಿಚ್ಚಬ್ಯಾಡ್ರಿ ಯಜ್ಜಾ, ಹಂಗಽ ನೆಡ್ರಿ. ಗಂಜಿಲೆ ಮಾಡಿದ್ದು, ಮಣ್ಣಾಗ ಕರಗತೈತಿ” ಎಂದಳು. ಮೂಸಿ ನೋಡಿದೆ. ಕುದಿಸಿದ ಗಂಜಿಯ ವಾಸನೆ... ಅಕ್ಕ ನೆನಪಾದಳು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟಿದ್ದೆ. ಅಕ್ಕ ತಿಕೋಟಾದಿಂದ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ ವಿಜ್ಞಾನ ಓದುತ್ತಿದ್ದಳು. ಸಸಿ ನೆಟ್ಟು ಬಿಸಾಡಿದ್ದ ಪ್ಲಾಸ್ಟಿಕ್ ಚೀಲ ತಿಂದು ನಮ್ಮ ಆಕಳು ಸತ್ತಿತು. ಅವ್ವ ಅತ್ತಳು. ಅಕ್ಕ, ಆಕಳು ತಿಂದರೂ ಅರಗುವಂಥ ಚೀಲ ಮಾಡಲು ನಿಂತಳು.

ಜೋಳ ನೆನೆಸಿ, ರುಬ್ಬಿ, ಸೋಸಿ, ತಳಕ್ಕಿಳಿದ ಹಿಟ್ಟಿಗೆ ಔಷಧ ಅಂಗಡಿಯ ಗ್ಲಿಸರಿನ್ ಹಾಕಿ ಕುದಿಸುವಳು. ತಾಟಿನಲ್ಲಿ ತೆಳ್ಳಗೆ ಹರಡಿ ಮಾಳಿಗೆಯ ಮೇಲೆ ಒಣಗಿಸುವಳು. ಗ್ಲಿಸರಿನ್ ಕಡಿಮೆಯಾದರೆ ಹಾಳೆ ಒಡೆಯುತ್ತಿತ್ತು, ಹೆಚ್ಚಾದರೆ ಅಂಟುತ್ತಿತ್ತು. ಓಣಿಯವರು ಅವಳನ್ನು “ಪಿಲಾಸ್ಟಿಕ್ ಬಾಯಿ” ಎಂದು ಕರೆದು ನಗುತ್ತಿದ್ದರು. ಅವಳೂ ನಕ್ಕು ಮತ್ತೆ ಒಲೆ ಹಚ್ಚುತ್ತಿದ್ದಳು. ನಾಚುತ್ತಿದ್ದವನು ನಾನು.

ಕೊನೆಗೆ ಮಡಚಿದರೂ ಮುರಿಯದ ಹಾಳೆಗಳು ಬಂದವು. ಹಾಳೆ ನೋಡಿ ಒಪ್ಪಿಗೆಯಾದರೆ ತನ್ನ ಸಸಿಗಳಿಗೆಲ್ಲ ಚೀಲ ಮಾಡಿಸುತ್ತೇನೆಂದು ಬಬಲೇಶ್ವರದ ಸಸಿ ವ್ಯಾಪಾರಿ ಆ ಸಂಜೆ ಬರುವವನಿದ್ದ. ನನ್ನನ್ನು ಕಾವಲಿಗೆ ಕೂರಿಸಿ ಅಕ್ಕ ಕಾಲೇಜಿಗೆ ಹೋದಳು.

ಆ ಹಾಳೆಗಳನ್ನು ಎಂದೂ ಕಂಡಿರದ ಪಕ್ಕದ ಮನೆಯ ಕಾಕು ಮಾಳಿಗೆ ಹತ್ತಿ ಬಂದಳು. “ಹಪ್ಪಳ ಛಲೋ ಒಣಗ್ಯಾವಲ್ಲೋ! ಮನೀಗಿ ಬೀಗರು ಬಂದಾರ, ಒಯ್ಯಲೇನು?”

ನನ್ನ ಅಕ್ಕ ಮಾಡಿದ ಪ್ಲಾಸ್ಟಿಕ್ ಅದು ಎನ್ನಲು ನಾಲಿಗೆ ಏಳಲಿಲ್ಲ. “ಒಯ್ರಿ” ಎಂದೆ.

ಸ್ವಲ್ಪ ಹೊತ್ತಿಗೆ, ಕರಿದು ಬೀಗರಿಗೆ ಬಡಿಸಿದ ಕಾಕು ತನ್ನ ಹಿತ್ತಲಿಂದ ನಮ್ಮವ್ವನನ್ನು ಕೂಗಿದಳು: “ಯವ್ವಾ, ಇವಕ್ಕ ಉಪ್ಪಽ ಹಾಕಿಲ್ಲಲ್ಲಬೇ!”

ವ್ಯಾಪಾರಿ ಬಂದಾಗ ತೋರಿಸಲು ಒಂದು ಹಾಳೆಯೂ ಇರಲಿಲ್ಲ. “ನಾನೂ ಹಪ್ಪಳಽ ಅನ್ಕೊಂಡೆ” ಎಂದೆ. ಸಾಲಿ ಕಲಿಯದವನು, ಪಾಪ, ಎಂದು ಎಲ್ಲರೂ ನಂಬಿದರು. ದಿನವೂ ತಾಟು ಹಿಡಿದುಕೊಟ್ಟವನೇ ನಾನು...

ಅಕ್ಕ ನನ್ನನ್ನು ಬಯ್ಯಲಿಲ್ಲ. ವ್ಯಾಪಾರಿಯ ಕಡೆ ತಿರುಗಿ, “ಬೀಗರು ತಿಂದು ಗಟ್ಟಿಮುಟ್ಟಾಗಿ ಕುಂತಾರ. ನಿಮ್ಮ ಆಕಳಿಗೆ ಏನ್ ಆದೀತ್ರಿ?” ಎಂದಳು. ಅವನು ಹೊಟ್ಟೆ ಹಿಡಿದು ನಕ್ಕ. ನಕ್ಕು ಹೋದವನು ಮತ್ತೆ ಬರಲಿಲ್ಲ. ಆಮೇಲೆ ಅಕ್ಕನನ್ನು ಕಾಖಂಡಕಿಗೆ ಕೊಟ್ಟರು. ಒಲೆ ಬೇರೆಯಾಯಿತು, ಹಾಳೆ ಮಾಡುವುದೂ ನಿಂತಿತು.

ಅವಳ ಮನೆಗೆ ಹೋದಾಗಲೆಲ್ಲ ಹಪ್ಪಳ ಕರಿದು, “ಉಪ್ಪ ಹಾಕೇನಿ, ತಿನ್ನೋ” ಎಂದು ನಗುತ್ತಿದ್ದಳು. ನಾನು ತಲೆ ತಗ್ಗಿಸಿ ತಿನ್ನುತ್ತಿದ್ದೆ. ಹೋದ ವರ್ಷ ತೀರಿಕೊಂಡಳು.

ಸಸಿಯನ್ನು ಕಾಖಂಡಕಿಗೆ ಒಯ್ದು, ಚೀಲ ಬಿಚ್ಚದೆ ಅವಳ ಹಿತ್ತಲಲ್ಲಿ ನೆಟ್ಟೆ. ಮಣ್ಣು ಮುಚ್ಚುತ್ತಾ ಗಟ್ಟಿಯಾಗಿಯೇ ಹೇಳಿದೆ: “ಯಕ್ಕಾ, ಅವು ಹಪ್ಪಳ ಅಲ್ಲಂತ ನನಗ ಗೊತ್ತಿತ್ತಬೇ... ತಪ್ಪಾತು.”